ಪಾರಣೆಯ ಅಡಿಗೆ ಯಾರದು?

ಕಳೆದ ಚಾತುರ್ಮಾಸದಲ್ಲಿ ನಮ್ಮೂರ ಬಸದಿಯ ಸ್ವಾಧ್ಯಾಯ ಮುಗಿದ ಮೇಲೆ ಧರ್ಮಬಂಧುಗಳೊಬ್ಬರು ನನ್ನನ್ನು ಪ್ರಾಕಾರದ ಬಳಿ ನಿಲ್ಲಿಸಿ ಎರಡು ಪ್ರಶ್ನೆಗಳನ್ನು ಕೇಳಿದರು. ಮೊದಲನೆಯದು: "ಮಾಷ್ಟ್ರೇ, ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ಮಾಡುವ ನೀವು ಮಿಕ್ಕ ದಿನಗಳಲ್ಲಿ ಬಸ್‌ ನಿಲ್ದಾಣದ ಹೋಟೆಲಿನಲ್ಲಿ ಕುಳಿತು ಸಂತೋಷದಿಂದ ಊಟ ಮಾಡುವುದನ್ನು ನೋಡಿದ್ದೇನೆ. ವ್ರತಿಯಾದವನು ಹಾಗೆ ಸಂತೋಷಪಡಬಹುದೇ?" ಎರಡನೆಯದು: "ಈ ವಯಸ್ಸಿನಲ್ಲಿ ಅಡಿಗೆ ಕಲಿಯುತ್ತಿದ್ದೀರಂತೆ. ಆರಂಭವನ್ನು ಬಿಡುವ ಕಾಲದಲ್ಲಿ ಹೊಸ ಆರಂಭವನ್ನು ಹಿಡಿಯುವುದು ಹಿಂದಕ್ಕೆ ನಡೆದಂತೆ ಆಗುವುದಿಲ್ಲವೇ?" ಅವರ ಮಾತಿನಲ್ಲಿ ಕುಹಕವಿರಲಿಲ್ಲ, ಧರ್ಮಚಿಂತನೆ ಇತ್ತು. ಆದುದರಿಂದ ಆ ಹೊತ್ತಿಗೆ ಏನೋ ಹೇಳಿ ಜಾರಿಕೊಂಡ ನಾನು, ಈಗ ವಿಚಾರ ಮಾಡಿ ಈ ಪತ್ರಿಕೆಯ ವಾಚಕರ ಮುಂದೆ ಉತ್ತರವನ್ನು ಇಡುತ್ತಿದ್ದೇನೆ.

ಮೊದಲು ನನ್ನ ಸ್ಥಿತಿಯನ್ನು ಇದ್ದಂತೆ ಹೇಳಬೇಕು. ನನಗೀಗ ಅರುವತ್ತಾರು ವರ್ಷ. ಶಾಲೆಯಿಂದ ನಿವೃತ್ತನಾಗಿ ಆರು ವರ್ಷಗಳಾದವು. ಮೂರು ವರ್ಷಗಳ ಹಿಂದೆ ನನ್ನ ಧರ್ಮಪತ್ನಿ ಕಾಲವಾದಳು. ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಅಲ್ಲಿಯವರೆಗೆ ಒಲೆಯ ಮುಂದೆ ನಿಂತವನೇ ಅಲ್ಲದ ನಾನು ಹಸಿವಾದಾಗ ಹೋಟೆಲಿಗೆ ಹೋದೆನು. ಬೆಳಗಿನ ಪೂಜೆ, ಸ್ವಾಧ್ಯಾಯಗಳು ಮುಗಿದ ಮೇಲೆ ಎರಡು ನೀರುದೋಸೆ, ಒಂದಿಷ್ಟು ಕಾಯಿಬೆಲ್ಲ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬೇಳೆಯ ಸಾರು, ಒಂದು ಪಲ್ಯ. ದುಬಾರಿಯ ಊಟವಲ್ಲ, ನಿವೃತ್ತ ಶಿಕ್ಷಕನ ಕೈಗೆ ಎಟಕುವಂಥದು. ಬಿಸಿಯಾಗಿ ಬರುತ್ತಿತ್ತು, ರುಚಿಯಾಗಿತ್ತು, ನಾಲ್ಕು ಜನರ ಮುಖ ಕಾಣುತ್ತಿತ್ತು. ಖಾಲಿ ಮನೆಯಿಂದ ಹೊರಟವನಿಗೆ ಅದೂ ಒಂದು ಆಹಾರವೇ. ನಾನು ಅಲ್ಲಿ ಸಂತೋಷಪಟ್ಟೆನೆಂಬುದು ನಿಜ. ಅದನ್ನು ಮರೆಮಾಚಿ ಧರ್ಮವಿಚಾರಕ್ಕೆ ತೊಡಗಿದರೆ ವಿಚಾರವೇ ಸುಳ್ಳಾದೀತು.

ಈಗ ಮೊದಲ ಪ್ರಶ್ನೆ. ರುಚಿಯಲ್ಲಿ ಸಂತೋಷಪಡುವುದು ದೋಷವೇ? ರಸನೇಂದ್ರಿಯವು ರಸವನ್ನು ತಿಳಿಯುವುದು ಮತಿಜ್ಞಾನದ ಕಾರ್ಯ, ಅದು ಜ್ಞಾನ. ತಿಳಿದ ರಸಕ್ಕೆ ಅಂಟಿಕೊಳ್ಳುವುದು ಮೋಹನೀಯದ ಕಾರ್ಯ, ಅದು ರಾಗ. ಸಿಹಿಯನ್ನು ಸಿಹಿಯೆಂದು ತಿಳಿಯುವ ನಾಲಗೆಯನ್ನು ಯಾವ ಆಚಾರ್ಯರೂ ದೂಷಿಸಿಲ್ಲ. ಆದರೆ ತಿಳಿವು ಎಲ್ಲಿ ಮುಗಿದು ಅಂಟು ಎಲ್ಲಿ ಮೊದಲಾಗುತ್ತದೆಂಬುದನ್ನು ಕಂಡುಕೊಳ್ಳುವುದು ಹೇಗೆ?

ಇದಕ್ಕೆ ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರವು ಒಳ್ಳೆಯ ಅಳತೆಗೋಲನ್ನು ಕೊಡುತ್ತದೆ. ಭೋಗೋಪಭೋಗ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಅವರು ತಟ್ಟೆಯ ಪದಾರ್ಥವನ್ನು ಹೆಸರಿಸುವುದಿಲ್ಲ. ಉಣ್ಣುವವನ ಮನಸ್ಸನ್ನು ಪರೀಕ್ಷಿಸುತ್ತಾರೆ. ವಿಷಯವೆಂಬ ವಿಷದಲ್ಲಿ ಉದಾಸೀನನಾಗದಿರುವುದು, ಉಂಡ ಸುಖವನ್ನು ಮತ್ತೆ ಮತ್ತೆ ನೆನೆಯುವುದು, ಉಣ್ಣುವಾಗ ಅತಿಯಾಗಿ ಆಸೆಪಡುವುದು, ಮುಂದೆ ಉಣ್ಣಬೇಕಾದುದಕ್ಕೆ ಹಂಬಲಿಸುವುದು, ಭೋಗದಲ್ಲೇ ಮುಳುಗಿಬಿಡುವುದು ಎಂದು ಐದು. ಕಳೆದುದು, ಇರುವುದು, ಬರುವುದು ಎಂಬ ಮೂರು ಕಾಲಗಳನ್ನೂ ಅವರು ಬಿಡಲಿಲ್ಲ.

ಈ ಕೋಲಿನಿಂದ ನನ್ನನ್ನು ಅಳೆದುಕೊಂಡೆ. ದೋಸೆ ತಿನ್ನುವಾಗ ಸಂತೋಷವಾದುದು ಅಷ್ಟು ದೊಡ್ಡ ದೋಷವಲ್ಲವೆಂದು ತೋರಿತು. ಆದರೆ ಬೆಳಗಿನ ಸ್ವಾಧ್ಯಾಯದ ಕೊನೆಯ ಪುಟಗಳಲ್ಲಿ ಕಣ್ಣು ಗ್ರಂಥದ ಮೇಲಿದ್ದು ಮನಸ್ಸು ಕಾವಲಿಯ ಮೇಲಿದ್ದುದು ಎಷ್ಟು ದಿನ! ಒಂದು ದಿನ ನೀರುದೋಸೆ ಮುಗಿದುಹೋಗಿದೆಯೆಂದು ಹೇಳಿದಾಗ, ಉಪ್ಪಿಟ್ಟು ಇದ್ದರೂ ತಿನ್ನದೆ ಸಿಡುಕಿನಿಂದ ಎದ್ದು ಬಂದೆ. ಅಂದು ತಿಂದದ್ದು ಏನೂ ಇಲ್ಲ. ಆದರೂ ಅತಿಚಾರ ಪೂರ್ಣವಾಗಿತ್ತು. ಹೊಟ್ಟೆ ಖಾಲಿಯಾಗಿದ್ದ ಮಾತ್ರಕ್ಕೆ ಅನಶನವಾಗಲಿಲ್ಲ. ಇದರಿಂದ ತಿಳಿಯತಕ್ಕುದೇನೆಂದರೆ, ಸರಳ ಊಟದಲ್ಲಿ ಸಂತೋಷಪಡುವವನು ಅದು ದೊರೆಯದ ದಿನವೂ ಸಮಾಧಾನದಿಂದ ಇರಬಲ್ಲನಾದರೆ ಆ ಸಂತೋಷ ಅವನನ್ನು ಕಟ್ಟಿಲ್ಲ. ಇರಲಾರನಾದರೆ ಅಗ್ಗದ ದೋಸೆಯೂ ರಾಜಭೋಜನದಷ್ಟೇ ಬಲವಾಗಿ ಕಟ್ಟುತ್ತದೆ. ಅಗ್ಗವೆಂಬುದು ಹಣದ ಲೆಕ್ಕ. ರಾಗದ ಲೆಕ್ಕ ಬೇರೆ.

ರಸಪರಿತ್ಯಾಗವನ್ನು ಬಾಹ್ಯತಪಸ್ಸುಗಳಲ್ಲಿ ಒಂದಾಗಿ ಹೇಳಿದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಇವುಗಳಲ್ಲಿ ಒಂದನ್ನೋ ಹಲವನ್ನೋ ಕಾಲ ನಿಯಮಿಸಿ ಬಿಡುವುದು ನಮ್ಮಲ್ಲಿ ರೂಢಿಯಲ್ಲಿದೆ. ಉಪ್ಪಿನ ರುಚಿಯೇ ತಿಳಿಯದವನು ಉಪ್ಪನ್ನು ಬಿಟ್ಟರೆ ಅದು ತಪಸ್ಸಾಗದು. ಆದ್ದರಿಂದ ರುಚಿಯನ್ನು ಅರಿಯುವುದು ವ್ರತಕ್ಕೆ ಶತ್ರುವಲ್ಲ. ಬಿಡುವ ಶಕ್ತಿ ಇದೆಯೋ ಇಲ್ಲವೋ ಎಂಬುದೇ ಪ್ರಶ್ನೆ.

ಇಲ್ಲಿಗೆ ಮೊದಲ ಪ್ರಶ್ನೆ ಮುಗಿಯಿತೆಂದು ನಾನು ಕೆಲವು ದಿನ ನೆಮ್ಮದಿಯಿಂದಿದ್ದೆ. ಆಗ ಇನ್ನೊಂದು ತೊಡಕು ಕಂಡಿತು. ಮನಸ್ಸು ಶುದ್ಧವಾಗಿದ್ದರೆ ಸಾಕೇ? ತಟ್ಟೆಯಲ್ಲಿರುವುದನ್ನು ಯಾರು ಮಾಡಿದರು, ಹೇಗೆ ಮಾಡಿದರು ಎಂಬುದು ನನಗೆ ಸಂಬಂಧಿಸಿದುದಲ್ಲವೇ?

ಹೋಟೆಲಿನಲ್ಲಿ ಉಣ್ಣುವ ನಮ್ಮವರು ಸಾಮಾನ್ಯವಾಗಿ ಒಂದು ಸಮಾಧಾನವನ್ನು ಹೇಳಿಕೊಳ್ಳುತ್ತಾರೆ, ನಾನೂ ಹೇಳಿಕೊಂಡಿದ್ದೆ. "ನಾನು ಬೆಂಕಿ ಹೊತ್ತಿಸಲಿಲ್ಲ, ನೀರೆರೆಯಲಿಲ್ಲ, ತರಕಾರಿ ಹೆಚ್ಚಲಿಲ್ಲ. ನನಗೆಂದೇ ಮಾಡಿದ ಅಡಿಗೆಯೂ ಅದಲ್ಲ. ನೂರು ಜನರಿಗೆ ಮಾಡಿದುದರಲ್ಲಿ ನನ್ನದೊಂದು ಪಾಲು. ದುಂಬಿ ಹೂವನ್ನು ನೋಯಿಸದೆ ಮಧುವನ್ನು ಹೀರುವಂತೆ ನಾನೂ ಉಂಡು ಬರುತ್ತೇನೆ" ಎಂದು. ಕೇಳಲು ಸೊಗಸಾಗಿದೆ. ಆದರೆ ಭ್ರಾಮರೀವೃತ್ತಿ ಮುನಿಗಳದು. ಅವರು ಬೇಡುವುದಿಲ್ಲ, ಬೆಲೆ ಕೊಡುವುದಿಲ್ಲ, ಇಂಥದೇ ಬೇಕೆನ್ನುವುದಿಲ್ಲ. ದಿನಕ್ಕೊಮ್ಮೆ ನಿಂತು, ಕೈಯನ್ನೇ ಪಾತ್ರೆಯಾಗಿ ಮಾಡಿ, ಮೂವತ್ತೆರಡು ತುತ್ತುಗಳ ಮಿತಿಯೊಳಗೆ ಸ್ವೀಕರಿಸುತ್ತಾರೆ. ಅಂತರಾಯವಾದರೆ ಸಮಭಾವದಿಂದ ಹಿಂದಿರುಗುತ್ತಾರೆ. ಉದ್ದಿಷ್ಟವಾದುದನ್ನು ಮುಟ್ಟುವುದಿಲ್ಲ. ನಾನಾದರೋ ಕುರ್ಚಿಯಲ್ಲಿ ಕುಳಿತು "ಎರಡು ನೀರುದೋಸೆ" ಎಂದೆ. ಆ ಮಾತಿನಿಂದಲೇ ಕಾವಲಿಯ ಮೇಲೆ ಹಿಟ್ಟು ಬಿತ್ತು. ಇದು ಮಾಡಿಸಿದುದಲ್ಲದೆ ಮತ್ತೇನು?

ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಆಸ್ರವದ ಬಾಗಿಲುಗಳೆಂದು ತತ್ತ್ವಾರ್ಥಸೂತ್ರವು ಎಣಿಸಿದೆ. ಸಂರಂಭ, ಸಮಾರಂಭ, ಆರಂಭಗಳು ಮೂರು, ಮನ, ವಚನ, ಕಾಯಗಳು ಮೂರು, ಕೃತಾದಿಗಳು ಮೂರು, ಕಷಾಯಗಳು ನಾಲ್ಕು, ಗುಣಿಸಿದರೆ 108. ಜಪಮಾಲೆಯ ಮಣಿಗಳನ್ನು ಎಣಿಸುವಾಗ ಈ ಲೆಕ್ಕವನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಹೋಟೆಲಿನ ಬಿಲ್ಲನ್ನು ಕೊಡುವಾಗ ಮಾತ್ರ ಅದು ನೆನಪಾಗಲಿಲ್ಲ. ಹಣ ಕೊಟ್ಟು ಮಾಡಿಸಿದುದರಿಂದ ಆರಂಭಹಿಂಸೆ ಕಡಿಮೆಯಾಗುವುದಿಲ್ಲ. ಅದು ಕಣ್ಣಿಗೆ ಮರೆಯಾಗುತ್ತದೆ, ಅಷ್ಟೆ.

ಹಾಗೆಂದು ಹೋಟೆಲಿನ ಅನ್ನವನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಊರು ಬಿಟ್ಟು ದುಡಿಯಲು ಹೋದವರಿಗೆ, ಓದಲು ಹೋದ ಮಕ್ಕಳಿಗೆ, ಒಂಟಿಯಾದ ಮುದುಕರಿಗೆ ಅಗ್ಗದ ಊಟವೊಂದು ದೊರೆಯುವುದು ಸಣ್ಣ ಉಪಕಾರವಲ್ಲ. ನಮ್ಮ ಕರಾವಳಿಯವರು ದೂರದ ಊರುಗಳಲ್ಲಿ ನಡೆಸಿದ ಉಡುಪಿ ಹೋಟೆಲುಗಳು ಎಷ್ಟು ತಲೆಮಾರುಗಳಿಗೆ ಸಸ್ಯಾಹಾರವನ್ನು ಒದಗಿಸಿದವು! 2017ರಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ಆರಂಭವಾದಾಗ ಬೆಳಗಿನ ಉಪಾಹಾರಕ್ಕೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಎಂದು ಬೆಲೆ ಇಟ್ಟರು. ಆಹಾರದಾನವನ್ನು ಚತುರ್ವಿಧ ದಾನಗಳಲ್ಲಿ ಎಣಿಸುವ ನಮಗೆ ಹಸಿದವನ ಕೈಗೆ ಅನ್ನವನ್ನು ಎಟುಕಿಸುವ ಯಾವ ವ್ಯವಸ್ಥೆಯೂ ಹಗುರವಾಗಿ ತೋರಬಾರದು.

ಆದರೆ ಅಗ್ಗದ ಊಟವು ಹೇಗೆ ಅಗ್ಗವಾಯಿತೆಂದು ಕೇಳುವುದೂ ಉಣ್ಣುವವನ ಕರ್ತವ್ಯ. ನಾನು ಶಿಕ್ಷಕನಾಗಿದ್ದ ಕಾಲದಲ್ಲಿ ಏಳನೆಯ ತರಗತಿಯ ನಂತರ ಶಾಲೆ ಬಿಟ್ಟು ಹೋಟೆಲು ಸೇರಿದ ಹುಡುಗರು ಅನೇಕರು. ಒಬ್ಬನಂತೂ ತಂದೆ ತೀರಿಕೊಂಡ ವಾರದಲ್ಲೇ ಹೋದ. ಬಸ್ಸಿಗೆ ಕಾಯುತ್ತಾ ನಾನು ಅದೇ ಹೋಟೆಲಿಗೆ ಹೋದಾಗ ಅವನು ಬಂದು ಮೇಜು ಒರೆಸಿದನು. ನಾನು "ಚೆನ್ನಾಗಿದ್ದೀಯಾ ಮಗಾ?" ಎಂದು ಕೇಳಿದೆ, ತಿಂಡಿ ತಿಂದೆ, ಬಸ್ಸು ಹತ್ತಿದೆ. ಅವನ ಮನೆಗೆ ಹೋಗಿ ಒಂದು ಮಾತು ಕೇಳಲಿಲ್ಲ. ಹೋಟೆಲುಗಳಲ್ಲಿ 14 ವರ್ಷಕ್ಕೆ ಕೆಳಗಿನ ಮಕ್ಕಳ ದುಡಿಮೆಯನ್ನು ಕಾನೂನು ನಿಷೇಧಿಸಿದುದು 2006ರ ಅಕ್ಟೋಬರಿನಲ್ಲಿ. ಅದಕ್ಕೆ ಮೊದಲು ನಿಷೇಧಿಸಲು ನಮ್ಮ ಅಹಿಂಸಾಣುವ್ರತವೊಂದು ಇತ್ತಲ್ಲ! ಅಗ್ಗದ ತಿಂಡಿಯ ಬೆಲೆಯಲ್ಲಿ ಒಂದು ಪಾಲನ್ನು ಆ ಹುಡುಗ ಕೊಟ್ಟಿದ್ದ. ನಾನು ಸುಮ್ಮನಿದ್ದು ಅನುಮೋದಿಸಿದ್ದೆ.

ಇನ್ನು ಅಡಿಗೆ ಕಲಿಯಹೊರಟ ಕಾರಣವನ್ನು ಹೇಳುತ್ತೇನೆ. ಕಳೆದ ವರ್ಷದ ಒಂದು ಚತುರ್ದಶಿಯಂದು ಎಂದಿನಂತೆ ಪ್ರೋಷಧೋಪವಾಸ ಮಾಡಿದೆ. ತ್ರಯೋದಶಿಯಂದು ಏಕಭುಕ್ತ, ಚತುರ್ದಶಿಯಂದು ಚತುರ್ವಿಧ ಆಹಾರತ್ಯಾಗ, ಬಸದಿಯಲ್ಲಿ ಧ್ಯಾನ ಸ್ವಾಧ್ಯಾಯಗಳು. ಹದಿನಾರು ಪ್ರಹರಗಳೂ ನಿರ್ವಿಘ್ನವಾಗಿ ನಡೆದುವು. ಮನಸ್ಸಿಗೆ ಒಂದು ಬಗೆಯ ಹಗುರ ಇತ್ತು. ನಿಜ ಹೇಳಬೇಕಾದರೆ ಸ್ವಲ್ಪ ಹೆಮ್ಮೆಯೂ ಇತ್ತು. ಪಾರಣೆಯ ದಿನ ಮಧ್ಯಾಹ್ನ ಹೋಟೆಲಿಗೆ ಹೋಗಿ ಊಟಕ್ಕೆ ಕುಳಿತೆ. ಪಲ್ಯದಲ್ಲಿ ಆಲೂಗೆಡ್ಡೆ, ಸಾರಿನಲ್ಲಿ ಈರುಳ್ಳಿ. ಪಕ್ಕದ ಬಟ್ಟಲಿನಲ್ಲಿ ವಿಶೇಷವೆಂದು ಕೊಟ್ಟ ಮೊಸರುವಡೆ, ಅದು ದ್ವಿದಳ. ನೀರು ಯಾವಾಗ ಸೋಸಿದುದೋ, ಸೋಸಿದುದೇ ಅಲ್ಲವೋ ತಿಳಿಯದು. ಹೋಟೆಲಿನವರ ತಪ್ಪು ಏನೂ ಇರಲಿಲ್ಲ. ಅವರು ಎಲ್ಲರಿಗೂ ಕೊಡುವುದನ್ನೇ ಕೊಟ್ಟಿದ್ದರು. ಎಂದಿನ ಹಾಗೆ ಮೊದಲೇ ಕೇಳಿಕೊಳ್ಳಲು ಮರೆತವನು ನಾನು. ಅನ್ನವನ್ನೂ ಒಂದಿಷ್ಟು ಉಪ್ಪನ್ನೂ ಮಾತ್ರ ಕಲಸಿಕೊಂಡು ಉಂಡೆ. ಉಣ್ಣುತ್ತಿದ್ದಾಗ, ನಲವತ್ತು ವರ್ಷಗಳಲ್ಲಿ ಒಮ್ಮೆಯೂ ಏಳದಿದ್ದ ಪ್ರಶ್ನೆ ಎದ್ದಿತು. ಇಲ್ಲಿಯವರೆಗೆ ನನ್ನ ಪಾರಣೆ ಶುದ್ಧವಾಗಿ ನಡೆದುದು ಯಾರಿಂದ?

ಅವಳಿಂದ. ಅವಳೂ ಚತುರ್ದಶಿಯಂದು ಉಪವಾಸವಿರುತ್ತಿದ್ದಳು. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ, ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ, ನಾನು ಪ್ರವಚನ ಮಾಡುತ್ತಿದ್ದೆ, ಅವಳು ಕೇಳುತ್ತಿದ್ದಳು; ಆದರೆ ಪ್ರವಚನ ಮುಗಿಯುವ ಮುನ್ನ ಎದ್ದು ಹೋಗುತ್ತಿದ್ದಳು. ಮಕ್ಕಳಿಗೆ ಅಡಿಗೆಯಾಗಬೇಕು, ಮನೆಗೆ ಬಂದ ನೆಂಟರಿಗೆ ಆಗಬೇಕು, ಸೂರ್ಯಾಸ್ತಕ್ಕೆ ಮೊದಲು ಎಲ್ಲರದೂ ಮುಗಿಯಬೇಕು. ತಾನು ನೀರನ್ನೂ ಮುಟ್ಟದ ದಿನ ಒಲೆಯ ಮುಂದೆ ನಿಂತು ಇತರರಿಗೆ ಬಡಿಸುತ್ತಿದ್ದಳು. ಒಮ್ಮೆ ನಗುತ್ತಲೇ ಹೇಳಿದ್ದಳು: "ನಿಮ್ಮದು ಒಂದು ದಿನದ ಉಪವಾಸ, ನನಗೆ ಮೂರು ದಿನದ ಅಡಿಗೆ." ಧಾರಣೆಯ ಊಟ ಶುದ್ಧವಾಗಬೇಕು, ಪಾರಣೆಯ ಊಟ ಹದವಾಗಬೇಕು, ನಡುವಿನ ದಿನ ಉಳಿದವರು ಉಣ್ಣಬೇಕು. ನಾನೂ ನಕ್ಕೆ. ಅದು ಹಾಸ್ಯವಲ್ಲ, ಲೆಕ್ಕವೆಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಖಂಡನಿ, ಪೇಷಣಿ, ಚುಲ್ಲಿ, ಉದಕುಂಭ, ಪ್ರಮಾರ್ಜನಿ ಎಂದು ಗೃಹಸ್ಥನ ಪಂಚಸೂನೆಗಳನ್ನು ಹೇಳುತ್ತಾರೆ. ಕುಟ್ಟುವ, ಬೀಸುವ, ಬೇಯಿಸುವ, ನೀರು ತುಂಬುವ, ಗುಡಿಸುವ ಈ ಐದು ಎಡೆಗಳಲ್ಲಿ ಜೀವಬಾಧೆ ತಪ್ಪದು. 'ಗೃಹಸ್ಥನ' ಎಂದು ಶಾಸ್ತ್ರ ಹೇಳಿತು. ನಮ್ಮ ಮನೆಯಲ್ಲಿ ಐದೂ ಗೃಹಿಣಿಯ ಪಾಲಿಗೆ ಬಂದವು. ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂದು ನಾನು ಹೇಳಿಕೊಡಬಲ್ಲೆ. ಹಿಟ್ಟನ್ನು ಜರಡಿ ಹಿಡಿದವಳು ಅವಳು. ಸೋಸಿದ ನೀರಿನ ಮರ್ಯಾದೆ ಎರಡು ಗಳಿಗೆ, ಎಂದರೆ 48 ನಿಮಿಷ ಎಂದು ನಾನು ಬಲ್ಲೆ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೋಯದಂತೆ ಬಾವಿಗೆ ಮರಳಿ ಬಿಟ್ಟವಳು ಅವಳು. ನನ್ನ ಅಹಿಂಸೆ ಬಾಯಲ್ಲಿತ್ತು, ಅವಳದು ಕೈಯಲ್ಲಿತ್ತು. ಕೈ ಇಲ್ಲವಾದಾಗ ಬಾಯಿಗೆ ಉಳಿದುದು ಆ ದಿನದ ಉಪ್ಪನ್ನ.

ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿ ಆಚಾರ್ಯರು ಪ್ರಮಾದವನ್ನು ಮುಂದಿಟ್ಟರು. ಎಚ್ಚರವಿಲ್ಲದೆ ಮಾಡಿದ ಪ್ರಾಣಬಾಧೆಯೇ ಹಿಂಸೆ. ಯತ್ನಾಚಾರದಿಂದ ನಡೆಯುವವನ ಸ್ಥಿತಿ ಬೇರೆ. ಹಾಗಾದರೆ ಗೃಹಸ್ಥನು ದಿನವೂ ಯತ್ನಾಚಾರವನ್ನು ಅಭ್ಯಾಸ ಮಾಡುವ ಸ್ಥಳ ಯಾವುದು? ಅಡಿಗೆಯ ಮನೆಗಿಂತ ಹೆಚ್ಚಿನದು ನನಗೆ ಕಾಣಲಿಲ್ಲ. ಅಲ್ಲಿ ಅಕ್ಕಿಯನ್ನು ಆರಿಸಬೇಕು, ಸೊಪ್ಪಿನ ಎಲೆಯನ್ನು ಮಗುಚಿ ನೋಡಬೇಕು, ಒಲೆ ಹೊತ್ತಿಸುವ ಮೊದಲು ಬರ್ನರನ್ನು ಒರೆಸಬೇಕು, ಪಾತ್ರೆಯನ್ನು ಮುಚ್ಚಿಡಬೇಕು. ಇಂಥ ಪಾಠಶಾಲೆ ಮನೆಯಲ್ಲೇ ಇದ್ದರೂ ನಾನು ಅದರ ಹೊಸಿಲನ್ನು ದಾಟದೆ ಹೊರಗೆ ಕುಳಿತು ಅಹಿಂಸೆಯನ್ನು ಬೋಧಿಸಿದೆ.

ಮತ್ತೊಂದು ವಿಷಯ. ಇದೇ ಭೋಗಪರಿಮಾಣ ವ್ರತಕ್ಕೆ ಅತಿಚಾರಗಳನ್ನು ಹೇಳುವಾಗ ಸಮಂತಭದ್ರಾಚಾರ್ಯರು ಮನಸ್ಸನ್ನು ನೋಡಿದರೆ, ಉಮಾಸ್ವಾಮಿ ಆಚಾರ್ಯರು ಆಹಾರವನ್ನೇ ನೋಡಿದ್ದಾರೆ. ಸಚಿತ್ತ, ಸಚಿತ್ತಸಂಬಂಧ, ಸಚಿತ್ತಸಂಮಿಶ್ರ, ಅಭಿಷವ ಇವುಗಳ ಬಳಿಕ ಐದನೆಯದಾಗಿ ದುಃಪಕ್ವವೆಂದು ಹೇಳಿದ್ದಾರೆ. ಅರೆ ಬೆಂದುದು, ಕೆಟ್ಟದಾಗಿ ಬೇಯಿಸಿದುದು ಎಂದರ್ಥ. ಶಾಲೆಯಲ್ಲಿ ಓದುವಾಗ ಈ ಶಬ್ದವನ್ನು ಕಂಠಪಾಠ ಮಾಡಿ ಮುಂದೆ ಹೋಗಿದ್ದೆ. ಈಗ ನಿಂತು ನೋಡಿದರೆ ಆಶ್ಚರ್ಯವಾಗುತ್ತದೆ. ಕೆಟ್ಟ ಅಡಿಗೆಯನ್ನು ಉಣ್ಣುವುದು ವ್ರತಕ್ಕೆ ಕಳಂಕವಾದರೆ, ಹದವರಿತು ಬೇಯಿಸುವ ವಿದ್ಯೆಯು ವ್ರತಕ್ಕೆ ಅಂಗವೇ ಆಯಿತಲ್ಲವೇ? ಅದು ನಾಲಗೆಯ ಚಾಪಲ್ಯಕ್ಕಾಗಿ ಕಲಿಯುವ ವಿದ್ಯೆಯಲ್ಲ. ದೇಹವನ್ನೂ ಧ್ಯಾನವನ್ನೂ ಕೆಡಿಸದಂತೆ ಅನ್ನವನ್ನು ಬೇಯಿಸಬಲ್ಲವನಾಗುವುದು ಶ್ರಾವಕನಿಗೆ ಉಚಿತವೇ.

ಗುರುವನ್ನು ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ಆಗ ಮೇಜು ಒರೆಸಿದ ಹುಡುಗನೇ ಈಗ ನಮ್ಮ ಬಸ್‌ ನಿಲ್ದಾಣದ ಹೋಟೆಲಿನ ಮುಖ್ಯ ಅಡಿಗೆಯವನು. ಮಧ್ಯಾಹ್ನದ ನೂಕುನುಗ್ಗಲು ಇಳಿದ ಮೇಲೆ ಹೋಗಿ, "ನನಗೆ ನೀರುದೋಸೆ ಹೇಳಿಕೊಡು" ಎಂದೆ. ಅವನು ನಗಲಿಲ್ಲ. ಮರುದಿನ ನನ್ನ ಮನೆಗೇ ಬಂದನು. ಬೆಳ್ತಿಗೆ ಅಕ್ಕಿಯನ್ನು ನೆನೆಸಿ ನುಣ್ಣಗೆ ರುಬ್ಬಬೇಕು, ಹುದುಗಿಸುವ ಕೆಲಸವಿಲ್ಲ, ರುಬ್ಬಿದ ಕೂಡಲೇ ನೀರು ಬೆರೆಸಿ ಹೊಯ್ಯಬೇಕು. ನಾನು ಮಾಡಿದ ಮೊದಲ ಹಿಟ್ಟು ಗಟ್ಟಿಯಾಗಿತ್ತು. ದೋಸೆ ದಪ್ಪಗೆ ಮುದ್ದೆಯಾಯಿತು. ಎರಡನೆಯದು ಕಾವಲಿಗೆ ಅಂಟಿ ಹರಿಯಿತು. "ಮಾಷ್ಟ್ರೇ, ಹಿಟ್ಟು ಮಜ್ಜಿಗೆಯಷ್ಟು ತೆಳ್ಳಗಿರಬೇಕು. ಕಾವಲಿ ಕಾದ ಮೇಲೆ ಅಂಚಿನಿಂದ ಹೊಯ್ಯಿರಿ. ಮುಚ್ಚಿ ಬಿಡಿ, ಅವಸರ ಮಾಡಬೇಡಿ. ಅದು ತಾನಾಗಿ ಅಂಚು ಬಿಡುತ್ತದೆ" ಎಂದನು. ಐದನೆಯದು ಸರಿಯಾಯಿತು. ಮೂವತ್ತು ವರ್ಷಗಳ ಹಿಂದೆ ಅವನ ತಪ್ಪು ಲೆಕ್ಕಗಳ ಮೇಲೆ ನಾನು ಕೆಂಪು ಶಾಯಿ ಎಳೆದಿದ್ದೆ. ಅವನು ನನ್ನ ನಾಲ್ಕು ತಪ್ಪುಗಳನ್ನು ಒಂದು ಮಾತೂ ಆಡದೆ ಕ್ಷಮಿಸಿದನು. ಏಳುವಾಗ ನಾನು, "ಅಂದು ನಿನ್ನನ್ನು ಶಾಲೆಗೆ ಮರಳಿ ಕರೆಯಲು ನಾನು ಬರಬೇಕಾಗಿತ್ತು" ಎಂದೆ. ಅವನು ಕಾವಲಿಯನ್ನು ಒರೆಸುತ್ತಾ, "ಬಂದಿದ್ದರೆ ಅಮ್ಮನಿಗೆ ಸಂತೋಷವಾಗುತ್ತಿತ್ತು" ಎಂದಷ್ಟೇ ಹೇಳಿದನು. ಆ ಮಾತಿಗೆ ಪ್ರತಿಕ್ರಮಣದ ಪಾಠಗಳಲ್ಲಿ ನನಗೆ ಇನ್ನೂ ಸರಿಯಾದ ಉತ್ತರ ದೊರೆತಿಲ್ಲ.

ಇನ್ನು ಎರಡನೆಯ ಪ್ರಶ್ನೆಯ ಕೊನೆಯ ಭಾಗ: ಆರಂಭವನ್ನು ಬಿಡುವ ವಯಸ್ಸಿನಲ್ಲಿ ಆರಂಭವನ್ನು ಹಿಡಿಯಬಹುದೇ? ಹನ್ನೊಂದು ಪ್ರತಿಮೆಗಳಲ್ಲಿ ಆರಂಭತ್ಯಾಗವು ಎಂಟನೆಯದು. ಅದಕ್ಕೆ ಮೊದಲು ಏಳು ಮೆಟ್ಟಿಲುಗಳಿವೆ. ಅವುಗಳನ್ನು ಹತ್ತದೆ ಎಂಟನೆಯದರ ಹೆಸರು ಹೇಳುವುದು ಸಲ್ಲದು. ಅದೂ ಅಲ್ಲದೆ, ತ್ಯಾಗವೆಂದರೆ ತನ್ನದನ್ನು ಬಿಡುವುದು. ಒಂದು ದಿನವೂ ಹಿಡಿಯದ ಸೌಟನ್ನು ನಾನು ಹೇಗೆ ಬಿಡಲಿ? ಹೆಂಡತಿಯ ಕೈಯಿಂದಲೋ ಸೊಸೆಯ ಕೈಯಿಂದಲೋ ಮಾಡಿಸಿಕೊಂಡು, ಇಂಥ ಹೊತ್ತಿಗೆ ಇಂಥದು ಆಗಬೇಕೆಂದು ಮನಸ್ಸಿನಲ್ಲೇ ಪಟ್ಟಿ ಮಾಡುತ್ತಾ, ಕೈಯನ್ನು ಮಾತ್ರ ತೊಳೆದುಕೊಂಡು ಕುಳಿತುಕೊಳ್ಳುವುದು ಆರಂಭತ್ಯಾಗವಲ್ಲ. ಅದು ಆರಂಭವನ್ನು ಇನ್ನೊಬ್ಬರ ತಲೆಗೆ ದಾಟಿಸುವುದು. ಮುಂದೊಮ್ಮೆ ಬಿಡುವ ಯೋಗ್ಯತೆ ನನಗೆ ಬಂದರೆ, ಏನನ್ನು ಬಿಡುತ್ತಿದ್ದೇನೆಂಬುದನ್ನು ಅರಿತು ಬಿಟ್ಟೇನು.

ಇದರಿಂದ ನಾನು ನನಗೆ ಮಾಡಿಕೊಂಡ ನಿಯಮಗಳು ಕೆಲವು. ಇತರರಿಗೆ ವಿಧಿಸಲು ನಾನು ಅಧಿಕಾರಿಯಲ್ಲ. ಧಾರಣೆ ಪಾರಣೆಗಳ ಊಟವನ್ನು ನನ್ನ ಕೈಯಿಂದಲೇ ಮಾಡಿಕೊಳ್ಳುತ್ತೇನೆ. ಹೋಟೆಲಿನ ಊಟಕ್ಕೆ ವಾರಕ್ಕೆ ಒಂದು ಸಲವೆಂದು ಪರಿಮಾಣ ಇಟ್ಟುಕೊಂಡಿದ್ದೇನೆ. ಹೋದಾಗ ಹಗಲಿನಲ್ಲೇ ಹೋಗಿ, ಕಂದಮೂಲವಿಲ್ಲದುದನ್ನು ಕೇಳಿ ತಿಳಿದು, ಹಸಿವಿಗಿಂತ ಒಂದು ತುತ್ತು ಕಡಿಮೆ ಉಂಡು, ತಟ್ಟೆಯಲ್ಲಿ ಏನನ್ನೂ ಬಿಡದೆ ಏಳುತ್ತೇನೆ. ದೊರೆಯದ ದಿನ ದೊರೆತುದನ್ನು ಉಣ್ಣುತ್ತೇನೆ. ಮಕ್ಕಳು ಊರಿಗೆ ಬಂದಾಗ ಪರ್ವದ ದಿನ ಒಲೆಯ ಮುಂದೆ ನಾನು ನಿಲ್ಲುತ್ತೇನೆ. ಮಗಳೂ ಸೊಸೆಯೂ ಪ್ರವಚನ ಮುಗಿಯುವವರೆಗೆ ಬಸದಿಯಲ್ಲಿ ಕುಳಿತಿರಲಿ. ಮೊಮ್ಮಗನಿಗೆ ಹತ್ತು ವರ್ಷ. ಅನ್ನ, ಸಾರು, ಒಂದು ಪಲ್ಯ ಇವು ಮೂರನ್ನು ಅವನಿಗೂ ಕಲಿಸಬೇಕೆಂದಿದ್ದೇನೆ.

ಧರ್ಮಬಂಧುಗಳಿಗೆ ನನ್ನ ಉತ್ತರ ಇಷ್ಟು. ಸರಳವಾದ ಊಟವೊಂದರಲ್ಲಿ ಸಂತೋಷಪಡುವುದಕ್ಕಾಗಿ ನಾನು ಪ್ರಾಯಶ್ಚಿತ್ತ ಬೇಡುವುದಿಲ್ಲ. ಆ ಸಂತೋಷದ ಹಿಂದೆ ದುಡಿದ ಕೈಗಳನ್ನು ಕಾಣದಿದ್ದುದಕ್ಕಾಗಿ ಬೇಡುತ್ತೇನೆ. ಅವುಗಳಲ್ಲಿ ಒಂದು ಕೈ ಈಗ ನನ್ನ ಕ್ಷಮಾಯಾಚನೆಯನ್ನು ಕೇಳುವಷ್ಟು ಹತ್ತಿರದಲ್ಲಿಲ್ಲ. ವಾಚಕ ಬಂಧುಗಳಲ್ಲಿ ಹಲವರಿಗೆ ಆ ಕೈ ಇನ್ನೂ ಮನೆಯಲ್ಲೇ ಇದೆ. ಬರುವ ಅಷ್ಟಮಿಯ ಉಪವಾಸಕ್ಕೆ ಸಂಕಲ್ಪ ಮಾಡುವ ಮೊದಲು ಒಮ್ಮೆ ಅಡಿಗೆಯ ಮನೆಯ ಕಡೆಗೆ ನೋಡಿ, ನವಮಿಯ ಪಾರಣೆಯ ಅಡಿಗೆ ಯಾರದೆಂದು ಕೇಳಿಕೊಳ್ಳಲಿ.